ಒಂದೇ ಮಗ್ಗುಲಿನ ಕೆಸರು

ಒಂದು ಹಗ್ಗದ ಮೇಲೆ ಕೆಂಪು ಅಂಗಿಗಳು, ಇನ್ನೊಂದರ ಮೇಲೆ ನೀಲಿ. ಫುಟ್‌ಬಾಲ್ ಎಂದರೆ ನನಗೆ ನೆನಪಾಗುವುದು ಇಷ್ಟೇ. ವರ್ಷಕ್ಕೆ ಒಂದೆರಡು ಆಟ ನೋಡಿದರೆ ಹೆಚ್ಚು. ಆದರೆ ಊರಿನ ಎರಡೂ ತಂಡಗಳ ಬಟ್ಟೆ ಒಗೆಯುತ್ತಿದ್ದವಳು ನಾನೇ ಆದ್ದರಿಂದ ಯಾರು ಹೇಗೆ ಬಿದ್ದರೆಂಬುದು ಕಲೆ ನೋಡಿದರೆ ಗೊತ್ತಾಗಿಬಿಡುತ್ತಿತ್ತು.

ಆ ವರ್ಷ ಫೈನಲ್‌ಗೆ ಐದು ದಿನ ಇರುವಾಗ, ಚಹದಂಗಡಿಯಲ್ಲಿ ಕೂತವರು ತಮಾಷೆಗೆ ನನ್ನನ್ನೂ ಕೇಳಿದರು, ಕಪ್ ಯಾರಿಗೆ ಎಂದು. ನನ್ನ ಬಾಯಿಗೆ ಬೀಗವೆಂಬುದೇ ಇರಲಿಲ್ಲ. ನೀಲಿಯವರಿಗೆ ಎಂದೆ. ಕೆಂಪು ತಂಡದ ಗೋಲ್‌ಕೀಪರ್ ಮುನಿಕೃಷ್ಣನ ಹಳದಿ ಅಂಗಿಯ ಎಡಮಗ್ಗುಲಿಗೆ ಮಾತ್ರ ಕೆಸರು, ಬಲಕ್ಕೆ ಅವನು ಬೀಳುವುದೇ ಇಲ್ಲ ಎಂದು ಕಾರಣವನ್ನೂ ಕೊಟ್ಟೆ. ಎಲ್ಲರೂ ನಕ್ಕರು. ನೀಲಿ ತಂಡದ ನಾಯಕ ಮಾತ್ರ ನಗದೆ ಎದ್ದುಹೋದ.

ಆಡಬಾರದ್ದನ್ನು ಆಡಿಬಿಟ್ಟೆನೆಂದು ಆಗ ನನಗೆ ಅರಿವಾಯಿತು. ಹಿಂದಿನ ವರ್ಷ ಕಪ್ ಹೋದದ್ದು ಮುನಿಕೃಷ್ಣನ ಕೈಯಿಂದ. ಈ ಸಲವೂ ಹಾಗಾದರೆ ಗೋಲಿಗೆ ಬೇರೆಯವನನ್ನು ನಿಲ್ಲಿಸುತ್ತೇವೆಂದು ತಂಡದವರು ಹೇಳಿಯಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೇ ಅವನನ್ನು ಕರೆಸಿ ನಡೆದದ್ದನ್ನು ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ಹಗ್ಗದ ಮೇಲಿದ್ದ ತನ್ನ ಅಂಗಿಯನ್ನೇ ನೋಡುತ್ತ ನಿಂತ.

"ಹೋದ್ ವರ್ಷ ಬಲಗಡೆ ಬಿದ್ದು ಭುಜ ಜಾರಿತ್ತಲ್ಲಕ್ಕ, ಆಮೇಲಿಂದ ಆ ಕಡೆ ಬೀಳಕ್ಕೆ ಭಯ. ಯಾರಿಗೂ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ," ಎಂದ.

"ನನ್ ಬಾಯಿಗ್ ಮಣ್ ಹಾಕ. ಅವ್ರು ಈಗ ಆ ಕಡೆಗೇ ಒದೀತಾರೆ ಕಣಪ್ಪ."

ಅವನು ಅಂಗಿ ತೆಗೆದುಕೊಂಡು ಹೋದ. ಮರುದಿನ ಸಂಜೆ ಅದು ಒಗೆಯಲು ಬಂದಾಗ ಬಲಮಗ್ಗುಲಿನಲ್ಲಿ ಒಂದಿಷ್ಟು ಕೆಸರಿತ್ತು. ಅದರ ಮರುದಿನ ಇನ್ನಷ್ಟು. ನಾಲ್ಕನೆಯ ದಿನ ತೋಳಿನಲ್ಲಿ ರಕ್ತದ ಕಲೆಯೂ ಇತ್ತು. ಅಷ್ಟು ಸಂತೋಷದಿಂದ ನಾನು ಯಾವ ಬಟ್ಟೆಯನ್ನೂ ಉಜ್ಜಿದವಳಲ್ಲ.

ಫೈನಲ್‌ನಲ್ಲಿ ಗೋಲಿನ ಹಿಂದೆಯೇ ನಿಂತಿದ್ದೆ. ಕೆಂಪು ತಂಡ ಒಂದು ಗೋಲು ಮುಂದಿತ್ತು. ಕೊನೆಯ ನಿಮಿಷದಲ್ಲಿ ನೀಲಿಯವರಿಗೆ ಪೆನಾಲ್ಟಿ ಸಿಕ್ಕಿತು. ಅದನ್ನು ತಡೆದರೆ ಕಪ್ ಕೆಂಪಿನವರದು. ಒದೆಯಲು ಬಂದವನು ಅದೇ ನಾಯಕ. ಚೆಂಡು ಎಲ್ಲಿಗೆ ಬರುತ್ತದೆಂದು ಅಷ್ಟು ಜನರಲ್ಲಿ ಮೂವರಿಗೆ ಗೊತ್ತಿತ್ತು: ಅವನಿಗೆ, ನನಗೆ, ಮುನಿಕೃಷ್ಣನಿಗೆ. ನನ್ನ ಹಾಳು ಬಾಯಿ ಇಬ್ಬರಿಗೂ ಒಂದೇ ಗುಟ್ಟು ಹೇಳಿತ್ತೆಂದು ಆಗ ಹೊಳೆಯಿತು.

ನಾಯಕನ ಕಾಲು ಚೆಂಡಿಗೆ ತಾಗುವಷ್ಟರಲ್ಲಿ ಮುನಿಕೃಷ್ಣ ಹಾರಿಯಾಗಿತ್ತು. ಕೆಸರು ಸಿಡಿದು ನನ್ನ ಮುಖಕ್ಕೂ ಬಿತ್ತು. ಕಣ್ಣೊರೆಸಿಕೊಂಡು ನೋಡಿದೆ. ಚೆಂಡನ್ನು ಎದೆಗೆ ಅವಚಿಕೊಂಡು ಬಲಮಗ್ಗುಲಾಗಿ ಮಲಗಿದ್ದ, ಏಳುವ ಅವಸರವೇ ಇಲ್ಲದವನ ಹಾಗೆ.