ಗುಬ್ಬಿಯ ಸರದಿ

ಸೋಲುವುದಕ್ಕೂ ಒಂದು ಮಿತಿ ಬೇಡವೇ? ಊರಿನ ಫುಟ್‌ಬಾಲ್ ಕ್ಲಬ್ಬು ಈ ಸಲ ಸ್ವಂತ ಮೈದಾನದಲ್ಲಿ ಒಂಬತ್ತು ಪಂದ್ಯ ಆಡಿ ಒಂದೇ ಒಂದು ಗೋಲು ಹೊಡೆದಿರಲಿಲ್ಲ. ಏಳರಲ್ಲಿ ಸೋತಿತ್ತು. ಉಳಿದೆರಡರಲ್ಲಿ ಎದುರಿನವರಿಗೂ ಹೊಡೆಯಲು ಬರಲಿಲ್ಲ, ಅದೇ ಪುಣ್ಯ. "ನಮ್ಮೋರ ಕಾಲಿಗೂ ಚೆಂಡಿಗೂ ಎಣ್ಣೆ ಸೀಗೆಕಾಯಿ ಸಂಬಂಧ" ಎಂದು ಗೇಟಿನವನು ಟಿಕೆಟ್ ಹರಿಯುತ್ತ ಹೇಳುತ್ತಿದ್ದ. ಹರಿಯಲಿಕ್ಕೆ ಅವನ ಕೈಗೆ ಟಿಕೆಟ್ಟಾದರೂ ಎಷ್ಟು ಬರುತ್ತಿದ್ದವು? ಐವತ್ತು ದಾಟಿದರೆ ದೊಡ್ಡ ಮಾತು.

ಈ ಸೋಲನ್ನೆಲ್ಲ ಕೈಯಾರೆ ನೇತುಹಾಕಬೇಕಾದವನು ಬೋರ್ಡ್ ತಾತ. ಜೀವಮಾನವಿಡೀ ಅಂಗಡಿಗಳ ಬೋರ್ಡ್ ಬರೆದವನು. ಈಗ ಕೈ ನಡುಗುತ್ತಿತ್ತು, ಬರೆಯುವ ಕೆಲಸ ಬಿಟ್ಟಿದ್ದ. ಆದರೆ ಮೈದಾನದ ಮೂಲೆಯ ಸ್ಕೋರ್ ಬೋರ್ಡನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮರದ ಹಲಗೆಯ ಎಡಕ್ಕೆ ಕೆಂಪಕ್ಷರದಲ್ಲಿ 'ನಾವು', ಬಲಕ್ಕೆ ಕಪ್ಪಕ್ಷರದಲ್ಲಿ 'ಅವರು'. ಎರಡರ ಕೆಳಗೂ ಒಂದೊಂದು ಮೊಳೆ. ಗೋಲಾದಾಗ ಆ ಮೊಳೆಗೆ ಅಂಕಿ ಬರೆದ ತಗಡು ಸಿಕ್ಕಿಸಬೇಕು. 'ಅವರು' ಕಡೆಯ ತಗಡುಗಳು ತೆಗೆದು ಹಾಕಿ, ತೆಗೆದು ಹಾಕಿ ಬಣ್ಣ ಹೋಗಿದ್ದವು. 'ನಾವು' ಕಡೆಯವು ಹೊಸ ಮದುಮಗಳ ಹಾಗೆ ಹೊಳೆಯುತ್ತ ಪೆಟ್ಟಿಗೆಯಲ್ಲಿ ಕುಳಿತಿದ್ದವು. ಪೆಟ್ಟಿಗೆಯ ಬೀಗದ ಕೈ ತಾತನ ಸೊಂಟದಲ್ಲಿ.

ಬೋರ್ಡಿನ ಕೆಳಗೆ ಒಂದು ಉದ್ದನೆಯ ಬೆಂಚು. ಅದು ಮಕ್ಕಳದು, ದೊಡ್ಡವರು ಕೂರುವಂತಿಲ್ಲ. ಮೂವತ್ತೊಂದು ವರ್ಷದ ಹಿಂದೆ ತಾತ ಒಂದು ಕಟ್ಟಳೆ ಮಾಡಿದ್ದ: 'ನಾವು' ಕಡೆಯ ತಗಡನ್ನು ಹಾಕುವುದು ಮಕ್ಕಳೇ, ಸರದಿಯ ಪ್ರಕಾರ. ಬೆಂಚಿಗೆ ಬಂದ ಮಗುವಿನ ಹೆಸರು ಸ್ಲೇಟಿನಲ್ಲಿ ಏರುತ್ತದೆ. ಒಂದು ಗೋಲಿಗೆ ಒಂದು ಮಗು. ಹಾಕಿದವರ ಹೆಸರು ಕೆಳಕ್ಕೆ, ಮುಂದಿನವರು ಮೇಲಕ್ಕೆ. ಸತತ ಎರಡು ಪಂದ್ಯ ತಪ್ಪಿಸಿದವರ ಹೆಸರಿನ ಮೇಲೆ ಗೆರೆ. ಕ್ಲಬ್ಬು ಪಂದ್ಯಕ್ಕೆ ಮೂರು ನಾಲ್ಕು ಗೋಲು ಹೊಡೆಯುತ್ತಿದ್ದ ಕಾಲ ಅದು. ಬೆಂಚಿನ ಮೇಲೆ ಜಾಗ ಸಾಲದೆ ಮಕ್ಕಳು ನೆಲದ ಮೇಲೆ ಕೂರುತ್ತಿದ್ದರು. ಆ ಮಕ್ಕಳೆಲ್ಲ ಈಗ ಹೆಂಡತಿ ಮಕ್ಕಳೊಂದಿಗರಾಗಿದ್ದಾರೆ. ತಾತ ರಸ್ತೆಯಲ್ಲಿ ಸಿಕ್ಕರೆ, "ತಾತ, ಆವತ್ತಿನ ನಾಲ್ಕನೇ ಗೋಲು ನಂದು" ಎನ್ನುತ್ತಾರೆ. ಹೊಡೆದವನು ಬೇರೆ ಯಾರೋ, ಆದರೂ ಅವರದೇ.

ಗೋಲೇ ಇಲ್ಲದಿದ್ದರೆ ಸರದಿ ಮುಂದೆ ಹೋಗುವುದು ಹೇಗೆ? ಕಟ್ಟಳೆ ಮಾಡುವಾಗ ಯಾರಿಗೆ ಇದು ಹೊಳೆದಿತ್ತು! ಸ್ಲೇಟಿನ ಮೊದಲ ಹೆಸರಿನಲ್ಲೇ ಗಾಡಿ ನಿಂತುಬಿಟ್ಟಿತ್ತು. ಹಿಂದಿದ್ದ ಮಕ್ಕಳು ಕಾದರು, ಆಕಳಿಸಿದರು, ಒಬ್ಬೊಬ್ಬರಾಗಿ ಜಾರಿಕೊಂಡರು. ತಾತ ಏಳು ಹೆಸರುಗಳ ಮೇಲೆ ಗೆರೆ ಎಳೆದಿದ್ದ. ಉಳಿದದ್ದು ಎರಡೇ. ಮೊದಲನೆಯದು ಅವನ ಮೊಮ್ಮಗಳು, ಹನ್ನೊಂದು ವರ್ಷದವಳು. ಎರಡನೆಯದು ಇಸ್ತ್ರಿ ಅಂಗಡಿಯವಳ ಮಗಳು ಗುಬ್ಬಿ, ಆರು ವರ್ಷದವಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ. ಮೊಳೆ ಅವಳ ಕೈಗೆಟುಕುವುದಿಲ್ಲವೆಂದು ತಾತ ಒಂದು ಪುಟ್ಟ ಸ್ಟೂಲು ಮಾಡಿ, ಕೆಂಪು ಬಣ್ಣ ಬಳಿದು, ಬೆಂಚಿನ ಕೆಳಗೆ ಇಟ್ಟಿದ್ದ.

"ನನ್ ಸರದಿ ಬಂದಾಗ ಇದರ ಮೇಲೆ ಹತ್ತೋದಾ?" ಎಂದು ಗುಬ್ಬಿ ಪ್ರತಿ ಭಾನುವಾರ ಕೇಳುತ್ತಿದ್ದಳು.

"ಇದರ ಮೇಲೇ ಕಣವ್ವ."

"ಬೀಳಲ್ಲ ತಾನೆ?"

"ನಾನು ಹಿಡ್ಕೊಂಡಿರ್ತೀನಲ್ಲ."

ಆರನೆಯ ಪಂದ್ಯದ ಮಧ್ಯಾಹ್ನ ತಾತ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಾಗ ಮೊಮ್ಮಗಳು ಮಂಚದಿಂದ ಏಳಲೇ ಇಲ್ಲ.

"ತಾತ, ಇವತ್ತು ನಾನು ಬರಲ್ಲ."

"ಯಾಕೆ ಮರಿ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಅಲ್ಲಿ ಬಂದು ಏನ್ ಮಾಡ್ಲಿ ಹೇಳು? ತಗಡನ್ನ ತೊಡೆ ಮೇಲೆ ಇಟ್ಕೊಂಡು ಕೂರ್ಬೇಕು, ಸೀಟಿ ಊದಿದ ಮೇಲೆ ವಾಪಸ್ ಪೆಟ್ಟಿಗೇಲಿ ಇಡ್ಬೇಕು. ಅಷ್ಟೇ ತಾನೆ?"

ತಾತ ಬಾಗಿಲಿಗೆ ಒರಗಿ ಹಳೆಯ ಫೈನಲ್ಲಿನ ಕತೆ ಶುರು ಮಾಡಿದ. ಎರಡು ಗೋಲು ಹಿಂದೆ ಇದ್ದ ನಮ್ಮವರು...

"ಐದು ಎರಡು. ಗೊತ್ತು ತಾತ," ಎಂದಳು ಅವಳು, ಮೆಲ್ಲಗೆ, ಬೇಸರ ಮುಚ್ಚಿಟ್ಟುಕೊಂಡು.

ಸೊಸೆ ಅಡುಗೆಮನೆಯಿಂದಲೇ ಹೇಳಿದಳು: "ಬಲವಂತ ಮಾಡ್ಬೇಡಿ ಮಾವ. ಮಕ್ಕಳಿಗೆ ಗೆಲ್ಲೋರು ಬೇಕು."

"ಗೆಲ್ಲೋರಿಗೆ ಜನ ಇದ್ದೇ ಇರ್ತಾರಮ್ಮ. ಸೋಲೋರಿಗೆ ತಾನೆ ಬೇಕಾಗಿರೋದು?"

ತಾತ ಒಬ್ಬನೇ ಹೋದ. ದಾರಿಯುದ್ದಕ್ಕೂ ಅದೇ ಯೋಚನೆ. ಕ್ಲಬ್ಬು ಸೋತರೆ ಸೋಲಲಿ, ಮೇಲೇಳುವ ದಿನ ಬಂದೇ ಬರುತ್ತದೆ. ಆದರೆ ಸ್ವಂತ ಮನೆಯ ಮಗುವನ್ನೇ ಆ ಬೆಂಚಿನ ಮೇಲೆ ಉಳಿಸಿಕೊಳ್ಳಲಾಗದಿದ್ದರೆ ಮೂವತ್ತೊಂದು ವರ್ಷ ತಾನು ಮಾಡಿದ್ದಾದರೂ ಏನು? ಅವಳೊಂದು ಗೋಲು ಹಾಕಲಿ, ಒಂದೇ ಒಂದು. ಜನ ಕೂಗುವಾಗ ಆ ತಗಡು ಮೊಳೆಗೆ ಬೀಳುವ ಸದ್ದು ಕೇಳಲಿ. ಆಮೇಲೆ ಅವಳೇ ತನ್ನನ್ನು ಎಳೆದುಕೊಂಡು ಬರುತ್ತಾಳೆ. ಮುದುಕ ಇದನ್ನೇ ನೆಚ್ಚಿಕೊಂಡ.

ಅವಳು ಏಳನೆಯದಕ್ಕೂ ಬರಲಿಲ್ಲ, ಎಂಟಕ್ಕೂ ಇಲ್ಲ, ಒಂಬತ್ತಕ್ಕೂ ಇಲ್ಲ. ಕಟ್ಟಳೆಯ ಪ್ರಕಾರ ಎರಡಕ್ಕೇ ಗೆರೆ ಬೀಳಬೇಕಿತ್ತು. ತಾತ ಬಳಪ ಹಿಡಿದ, ಸ್ಲೇಟು ನೋಡಿದ, ಬಳಪವನ್ನು ಜೇಬಿಗೆ ಹಾಕಿಕೊಂಡ.

ಗೇಟಿನವನು ಇದನ್ನು ನೋಡಿಯೇ ಇದ್ದ. "ಅಲ್ಲ ತಾತ, ಬೇಕರಿಯವನ ಮಗನಿಗೆ ಗೆರೆ, ಡಾಕ್ಟರ ಅವಳಿ ಮಕ್ಕಳಿಗೆ ಗೆರೆ. ನಿಮ್ಮ ಮೊಮ್ಮಗಳಿಗೆ ಮಾತ್ರ ಬಳಪ ಮುರಿದುಹೋಯ್ತಾ?"

"ನಿನ್ ಕೆಲಸ ಗೇಟು. ಗೇಟು ನೋಡ್ಕೋ."

"ಗೇಟಲ್ಲಿ ನೋಡೋಕೆ ಯಾರಿದಾರೆ ಅಂತ! ಆ ಗುಬ್ಬಿಗೆ ಸರದಿ ಕೊಡಿ ತಾತ. ಇರೋದು ಅದೊಂದು ಮಗು. ಮಳೆ ಬಂದ್ರೂ ಅಮ್ಮನ ಹಳೇ ಸೀರೆ ಹೊದ್ಕೊಂಡು ಬರುತ್ತೆ."

"ಗುಬ್ಬಿ ಎಲ್ಲಿ ಹೋಗ್ತಾಳೆ? ಇರ್ತಾಳೆ," ಎಂದ ತಾತ.

ಇರುವವರ ಬಗ್ಗೆ ನಮಗೆ ಹೀಗೇ ಅಲ್ಲವೇ? ಬಿಟ್ಟು ಹೋಗುವವರ ಹಿಂದೆಯೇ ಮನಸ್ಸು ಓಡುತ್ತದೆ.

ಹತ್ತನೆಯ ಪಂದ್ಯದಲ್ಲಿ ಗೋಲಾಯಿತು. ಹೇಗಾಯಿತೆಂದು ಹೊಡೆದವನಿಗೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ಮೂಲೆಯಿಂದ ಬಂದ ಚೆಂಡು ಯಾರದೋ ಬೆನ್ನಿಗೆ ಬಡಿದು, ಇನ್ಯಾರದೋ ಮೊಣಕಾಲಿಗೆ ತಾಗಿ, ಉರುಳುತ್ತ ಉರುಳುತ್ತ ಗೆರೆ ದಾಟಿತು. ಮುಗಿಯಲು ಇನ್ನೂ ಅರ್ಧ ಗಂಟೆ ಇತ್ತು. ಇದ್ದ ನಲವತ್ತು ಜನ ನಾಲ್ಕು ಸಾವಿರದ ಹಾಗೆ ಕೂಗಿದರು. ಗೇಟಿನವನು ಗೇಟು ಬಿಟ್ಟು ಓಡಿಬಂದ. ತಾತನ ಕಣ್ಣಲ್ಲಿ ನೀರು ತುಂಬಿ ಮೈದಾನವೇ ಕಾಣದಾಯಿತು. ಪೆಟ್ಟಿಗೆ ತೆರೆದು 'ನಾವು' ಕಡೆಯ ಒಂದರ ತಗಡು ತೆಗೆದ. ಪೆಟ್ಟಿಗೆಗೆ ಬೀಗ ಹಾಕಿದ.

ಗುಬ್ಬಿ ಬೆಂಚಿನಿಂದ ಇಳಿದು ನಿಂತಿದ್ದಳು. ಎರಡೂ ಕೈ ಮುಂದಕ್ಕೆ ಚಾಚಿರಲಿಲ್ಲ; ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ಕೇಳಬಾರದ್ದನ್ನು ಕೇಳುವವರ ಹಾಗೆ.

"ತಾತ, ಅಕ್ಕ ಬಂದಿಲ್ಲ. ನಾನಾ?"

"ನೀನು ಕೂತಿರು ಗುಬ್ಬಿ. ಹೀಗೆ ಹೋಗಿ ಹಾಗೆ ಬಂದುಬಿಡ್ತೀನಿ. ಅಕ್ಕನ್ನ ಕರ್ಕೊಂಡ್ ಬರ್ತೀನಿ. ಮುಂದಿನ ಗೋಲು ನಿಂದೇ."

"ಹೂಂ," ಎಂದಳು ಗುಬ್ಬಿ.

ತಗಡನ್ನು ಎದೆಗೊತ್ತಿಕೊಂಡು ತಾತ ಹೊರಟ. "ಎಲ್ಲಿಗ್ರೀ? ಬೋರ್ಡ್ ಹಾಕ್ರೀ!" ಎಂದು ಜನ ಕೂಗಿದರು. ಮೂವತ್ತೊಂದು ವರ್ಷದಲ್ಲಿ ಪಂದ್ಯ ನಡೆಯುವಾಗ ಅವನು ಮೈದಾನ ಬಿಟ್ಟದ್ದು ಅದೇ ಮೊದಲು. ಎರಡು ಬೀದಿ, ಒಂದು ಏರು, ಹದಿನೆಂಟು ಮೆಟ್ಟಿಲು. ಏರಿನಲ್ಲಿ ಎರಡು ಸಲ ಗೋಡೆ ಹಿಡಿದು ನಿಂತ. ಒಮ್ಮೆ ಹಿಂದಿನಿಂದ ದೊಡ್ಡ ಕೂಗು ಕೇಳಿತು. ತಿರುಗಿ ನೋಡಿದ, ಬರೀ ಛಾವಣಿಗಳು ಕಂಡವು.

ಮನೆಯಲ್ಲಿ ಟಿವಿ ಹಾಕಿತ್ತು. ಎಲ್ಲೋ ದೂರದ ದೊಡ್ಡ ಕ್ಲಬ್ಬಿನ ಪಂದ್ಯ. ಮೊಮ್ಮಗಳು, ಬೇಕರಿಯವನ ಮಗ, ಡಾಕ್ಟರ ಅವಳಿ ಮಕ್ಕಳು, ಬೆಂಚು ಬಿಟ್ಟುಹೋದ ಇನ್ನುಳಿದವರು, ಎಲ್ಲರೂ ಅದೇ ಕ್ಲಬ್ಬಿನ ನೀಲಿ ಜೆರ್ಸಿ ತೊಟ್ಟು ಚಾಪೆಯ ಮೇಲೆ ಕುಳಿತಿದ್ದರು. ತಾನು ಗೆರೆ ಎಳೆದ ಹೆಸರುಗಳೆಲ್ಲ ತನ್ನ ಮನೆಯಲ್ಲೇ ಕುಳಿತಿವೆ! ತಾತ ಏದುಸಿರು ಬಿಡುತ್ತ ತಗಡನ್ನು ಮೇಲೆತ್ತಿ ತೋರಿಸಿದ.

"ಗೋಲ್ ಆಯ್ತು ಮರಿ. ನಮ್ಮೋರದು. ನಿನ್ ಸರದಿ. ಏಳು, ಏಳು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಮ್ಮಗಳು ಟಿವಿಯ ಕಡೆ ನೋಡಿದಳು, ಬೆವರಿಳಿಯುತ್ತಿದ್ದ ಅಜ್ಜನ ಮುಖ ನೋಡಿದಳು. ಅವಳಿಗೆ ಪಾಪ ಅನ್ನಿಸಿತು. ಅದು ಅವಳ ಮುಖದಲ್ಲೇ ಬರೆದಂತಿತ್ತು, ತಾತ ಮಾತ್ರ ಓದಲಿಲ್ಲ.

"ನೀರು ಕುಡಿ ಮೊದಲು. ಬರ್ತೀನಿ," ಎಂದು ಎದ್ದಳು. ಗೆಳೆಯರಿಗೆ ಮೆಲ್ಲಗೆ, "ಬೇಗ ಬಂದ್ಬಿಡ್ತೀನಿ, ಆಫ್ ಮಾಡ್ಬೇಡಿ" ಎಂದದ್ದೂ ಕೇಳಿಸಿತು.

ಅವರು ಮೈದಾನ ಮುಟ್ಟುವ ಹೊತ್ತಿಗೆ ಪಂದ್ಯ ಮುಗಿದು ಜನ ಚದುರಿದ್ದರು. ಗೇಟಿನವನು ಕೋಪಕ್ಕಿಂತ ಹೆಚ್ಚಾಗಿ ದಿಕ್ಕೆಟ್ಟವನ ಹಾಗೆ ನಿಂತಿದ್ದ.

"ಗೆದ್ವಿ ತಾತ. ಎರಡು ಸೊನ್ನೆ. ಎರಡು ವರ್ಷ ಆದ್ಮೇಲೆ ಗೆದ್ವಿ. ಬೋರ್ಡ್ ಮೇಲೆ ಮಾತ್ರ ಎರಡೂ ಮೊಳೆ ಖಾಲಿ."

"ಎರಡಾ?"

"ನೀವು ಹೋಗಿ ಹತ್ತು ನಿಮಿಷಕ್ಕೆ ಎರಡನೇದು. ಏನ್ ಗೋಲು ಅಂತೀರಿ! ಮಧ್ಯದಿಂದ ಹೊಡೆದ."

ತಾತ ಬೆಂಚಿನ ಕಡೆ ನೋಡಿದ. ಖಾಲಿ. ಕೆಂಪು ಸ್ಟೂಲು ಬೆಂಚಿನ ಕೆಳಗಿರಲಿಲ್ಲ. ಯಾರೋ ಅದನ್ನು ಮಣ್ಣಿನಲ್ಲಿ ಗೆರೆ ಬೀಳುವಂತೆ ಎಳೆದುಕೊಂಡು ಹೋಗಿ, ಸರಿಯಾಗಿ 'ನಾವು' ಮೊಳೆಯ ಕೆಳಗೆ ಇಟ್ಟಿದ್ದರು.

"ಎರಡನೇದು ಆಗ್ತಿದ್ದ ಹಾಗೆ ಅವಳೇ ಎಳ್ಕೊಂಡು ಹೋದ್ಲು," ಎಂದ ಗೇಟಿನವನು. "ಹತ್ತಿ ನಿಂತ್ಲು. ಇಳಿಯವ್ವ ಅಂದೆ. 'ತಾತ ತಗಡು ತರ್ತಾರೆ, ಇದು ನಂದು' ಅಂದ್ಲು. ಸೀಟಿ ಊದಿದ್ರೂ ಇಳಿಲಿಲ್ಲ. ಕೊನೆಗೆ ಅವಳಮ್ಮ ಬಂದು ಎತ್ಕೊಂಡು ಹೋದ್ಲು."

ಮೊಮ್ಮಗಳು ತಾತನ ಕೈಯಿಂದ ತಗಡು ತೆಗೆದುಕೊಂಡಳು. ಅವಳಿಗೆ ಸ್ಟೂಲು ಬೇಕಿರಲಿಲ್ಲ. ಅದರ ಪಕ್ಕದಲ್ಲೇ ನಿಂತು ಕೈ ಚಾಚಿ ತಗಡನ್ನು ಮೊಳೆಗೆ ಸಿಕ್ಕಿಸಿದಳು. ಖಣ್ ಎಂದಿತು. ಖಾಲಿ ಮೈದಾನದಲ್ಲಿ ಆ ಸದ್ದಿಗೆ ಯಾರೂ ಕೂಗಲಿಲ್ಲ.

"ಆಯ್ತಲ್ವಾ ತಾತ?" ಎಂದಳು. "ನಾನು ಹೋಗ್ಲಾ?"

ಆಗ ತಿಳಿಯಿತು ತಾತನಿಗೆ. ಕಾಯಿಲೆಯವರನ್ನು ನೋಡಲು ಬಂದವರು ಹೊರಡುವಾಗ ಕೇಳುವ ಹಾಗೆ ಕೇಳಿದ್ದಳು ಅವಳು.

"ಹೋಗು ಮರಿ. ನಿನ್ ಪಂದ್ಯ ಮುಗಿಯತ್ತೆ."

ಅವಳು ಓಡಿದಳು. ತಾತ ಸ್ಲೇಟು ತೆಗೆದು ಅವಳ ಹೆಸರಿನ ಮೇಲೆ ಗೆರೆ ಎಳೆದ. ಗುಬ್ಬಿ ಎಂಬುದನ್ನು ಅಳಿಸಿ ಎಲ್ಲಕ್ಕಿಂತ ಮೇಲೆ, ಅಂಗಡಿಯ ಬೋರ್ಡ್ ಬರೆಯುತ್ತಿದ್ದ ಕಾಲದ ದಪ್ಪ ಅಕ್ಷರದಲ್ಲಿ ಬರೆದ. ಕೈ ನಡುಗಿ ಅಕ್ಷರ ಸೊಟ್ಟಗಾಯಿತು.

ಮುಂದಿನ ಪಂದ್ಯದ ದಿನ ಅವನು ಒಂದು ಗಂಟೆ ಮೊದಲೇ ಹೋಗಿ ಸ್ಟೂಲು ಒರೆಸಿಟ್ಟ. ಆಟಗಾರರು ಬಂದರು, ರೆಫ್ರಿ ಬಂದ, ಗೆದ್ದ ಸುದ್ದಿ ಕೇಳಿ ನೂರು ಜನವೂ ಬಂದರು. ಗುಬ್ಬಿ ಬರಲಿಲ್ಲ. ತಾತ ತಡೆಯಲಾರದೆ ಇಸ್ತ್ರಿ ಅಂಗಡಿಗೆ ನಡೆದ. ಮೈದಾನದ ಗೋಡೆಗೆ ಅಂಟಿಕೊಂಡಂತಿತ್ತು ಅದು. ಗುಬ್ಬಿಯ ಅಮ್ಮ ಅಂಗಿಯ ಕಾಲರ್ ಒತ್ತುತ್ತಿದ್ದಳು.

"ಕರೆದೆ ತಾತ. ಬರಲ್ಲ ಅಂದ್ಲು."

"ಇವತ್ತು ಮೊದಲನೇ ಹೆಸರೇ ಅವಳದು ಅಂತ ಹೇಳಮ್ಮ. ತಾತ ತಪ್ಪು ಮಾಡ್ದ ಅಂತ ಹೇಳು."

"ಹೇಳ್ದೆ ತಾತ, ಮೊನ್ನೇನೇ ಹೇಳ್ದೆ, ತಾತ ಮರೆತಿರ್ತಾರೆ ಬಿಡು ಅಂತ." ಅವಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ತಾತನಿಗೆ ತಡೆಯಲಾಗಲಿಲ್ಲ. "'ನನ್ ಸರದಿ ಬರಲ್ಲಮ್ಮ, ಬಂದ್ರೂ ಅದು ಅಕ್ಕಂದು' ಅಂತಾಳೆ. ಮಗು ಅದು. ನೀವು ಮನಸ್ಸಿಗೆ ಹಚ್ಕೋಬೇಡಿ."

ಗೋಡೆಯಾಚೆ ಸೀಟಿ ಊದಿತು. ತಾತ ಅಂಗಡಿಯ ಒಳಗೆ ಇಣುಕಿದ. ಬಟ್ಟೆಯ ಗಂಟುಗಳ ಹಿಂದೆ ಎರಡು ಪುಟ್ಟ ಕಾಲುಗಳು ಕಂಡವು. ಅವನು ನೋಡುತ್ತಿದ್ದಂತೆ ಒಳಕ್ಕೆ ಎಳೆದುಕೊಂಡವು. ಬೋರ್ಡಿನ ಬಳಿ ಯಾರೂ ಇಲ್ಲವೆಂದು ಗೇಟಿನವನು ಕೂಗುತ್ತಿದ್ದ. ತಾತ ತಿರುಗಿ ನಡೆದ.