ಶಿವದಾರ

ಟಣ್ ಎಂದು ಸದ್ದಾದಾಗ ಮಲ್ಲಿಕಾಂಬ ಅದು ಯಾವುದೋ ಹುಡುಗಿಯ ಗೆಜ್ಜೆ ಇರಬೇಕೆಂದುಕೊಂಡಳು. ಎರಡು ಕಾಲನ್ನೂ ಒಟ್ಟಿಗೆ ಎತ್ತಿ ಕುಪ್ಪಳಿಸಿ ಇಳಿಯುವ ಪಾಠ ಅವತ್ತು. ಇಳಿದ ಮೇಲೆಯೇ ಎದೆಯ ಮೇಲೆ ಏನೋ ಕಡಿಮೆಯಾದಂತೆ ಅನ್ನಿಸಿದ್ದು. ಬೆಳ್ಳಿಯ ಕರಡಿಗೆ ಗಾರೆ ನೆಲದ ಮೇಲೆ ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ಬಾಯಿ ಬಿಟ್ಟಿತು. ಒಳಗಿದ್ದ ಇಷ್ಟಲಿಂಗ ಹೊರಬಿದ್ದು ಪುಟ್ಟ ಹುಡುಗಿಯರ ಕಾಲುಗಳ ನಡುವೆ ಬಂದು ನಿಂತಿತು.

ಕಮಲಾಕ್ಷಮ್ಮ ಟೀಚರ್ ಕೋಲು ತಟ್ಟುವುದನ್ನು ನಿಲ್ಲಿಸಿದರು. ಒಬ್ಬಳು ಎತ್ತಿಕೊಡಲು ಬಗ್ಗಿದಳು.

"ಮುಟ್ಬ್ಯಾಡ" ಎಂದಳು ಮಲ್ಲಿಕಾಂಬ. ಆ ದನಿ ಅವಳಿಗೇ ಗುರುತು ಸಿಗಲಿಲ್ಲ. ಮಂಡಿಯೂರಿ ಕೂತು ಸೆರಗಿನಲ್ಲಿ ಎತ್ತಿಕೊಂಡು ನೋಡಿದಳು. ಅಂಚಿನಲ್ಲಿ ಮುಕ್ಕಾಗಿತ್ತು. ಬಾಯಿಬಿಟ್ಟ ಕರಡಿಗೆಯ ಜೊತೆಗೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಏನೂ ಆಗಿಲ್ಲ ಬಿಡಿ, ತೊಳೆದು ಹಾಕ್ಕೊಳ್ಳಿ. ಸರ ಗಿರ ಎಲ್ಲಾ ತೆಗೆದಿಟ್ಟು ಬನ್ನಿ ಅಂತ ಮೊದಲೇ ಹೇಳಿದ್ನಲ್ಲ" ಎಂದರು ಟೀಚರ್.

ಪಾಪ, ಬೇರೆ ಜನ, ಆಕೆಗೇನು ಗೊತ್ತು. ಚಿನ್ನದ ಸರ ಬಿಚ್ಚಿಡಬಹುದು. ಹುಟ್ಟಿದಾಗ ಮಠದ ಗುರುಗಳು ಕಟ್ಟಿದ ಲಿಂಗವನ್ನು ಉಸಿರಿರುವವರೆಗೆ ಬಿಚ್ಚುವಂತಿಲ್ಲ. ಅದು ಬಿದ್ದು ಮುಕ್ಕಾದರೆ ಗುರುಗಳು ಬೇರೆ ಕಟ್ಟುವ ತನಕ ಒಂದು ಗುಟುಕು ನೀರೂ ಕುಡಿಯುವಂತಿಲ್ಲ. ಹೇಗೆ ಬಿತ್ತೆಂದು ಗುರುಗಳು ಕೇಳದೆ ಇರುವುದಿಲ್ಲ. ಕೇಳಿದರೆ ಏನು ಹೇಳುವುದು?

ಎಮರ್ಜೆನ್ಸಿ ಮುಗಿದ ಮರುವರ್ಷ ಅದು. ಕಡೂರಿನ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರದ ಬಸವರಾಜಪ್ಪನ ಹೆಂಡತಿ ಮಲ್ಲಿಕಾಂಬ ಪ್ರತಿ ಭಾನುವಾರ ಹೊಲಿಗೆ ಕ್ಲಾಸಿಗೆ ಹೋಗುತ್ತಾಳೆಂದು ಬೀದಿಯೆಲ್ಲ ನಂಬಿತ್ತು. ಪಕ್ಕದ ಮನೆಯ ಹುಡುಗಿಯನ್ನು ಭರತನಾಟ್ಯಕ್ಕೆ ಸೇರಿಸಲು ಜೊತೆಗೆ ಹೋದವಳು, ಬಾಗಿಲಲ್ಲಿ ನಿಂತಾಗ ಸೀರೆಯೊಳಗೆ ತನ್ನ ಕಾಲೇ ತಾಳ ಹಾಕುತ್ತಿದ್ದದ್ದನ್ನು ಕಂಡು ದಿಗಿಲುಬಿದ್ದಿದ್ದಳು. ಮರುವಾರ, ಯಾರಿಗೂ ಹೇಳುವುದಿಲ್ಲವೆಂದು ಆ ಹುಡುಗಿಯಿಂದ ಆಣೆ ಮಾಡಿಸಿಕೊಂಡು ತಾನೂ ಸೇರಿಕೊಂಡಳು. ಎದೆಯುದ್ದದ ಹುಡುಗಿಯರ ಸಾಲಿನ ಕೊನೆಯಲ್ಲಿ, ಮೂವತ್ತಾರರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ನಗುವವರು ನಕ್ಕರು. ಅವಳಿಗೆ ವಾರದಲ್ಲಿ ಆ ಒಂದು ಗಂಟೆ ಮಾತ್ರ ತನ್ನದು ಅನ್ನಿಸುತ್ತಿತ್ತು. ಇವತ್ತಿಗೆ ಅದು ಮುಗಿಯಿತು ಎಂದುಕೊಂಡೇ ಅವಳು ಮನೆಯ ದಾರಿ ಹಿಡಿದದ್ದು.

ಗಂಡ ತಿಪಟೂರಿಗೆ ಹೋಗಿದ್ದ. ಅದು ಸಮಾಧಾನದ ವಿಷಯವೇನಲ್ಲ, ಮನೆಯಲ್ಲಿ ಅತ್ತೆ ಇದ್ದರು. ದಾಕ್ಷಾಯಣಮ್ಮನವರ ನೇಮ ಎಂದರೆ ಬೀದಿಯೇ ಹೆದರುತ್ತಿತ್ತು. ದಿನಾ ಮುಂಜಾನೆ ಗೋಡೆಗೆ ಮುಖ ಮಾಡಿ, ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಲಿಂಗಪೂಜೆ ಮಾಡುತ್ತಿದ್ದರು. ಹೆತ್ತ ಮಗನೂ ಅವರ ಲಿಂಗ ಕಂಡವನಲ್ಲ. ಮದುವೆಯಾದ ಹೊಸದರಲ್ಲಿ ಪೂಜೆ ಮಾಡದೆ ಕಾಫಿ ಕುಡಿದಳೆಂದು ಸೊಸೆಯ ಜೊತೆ ವಾರವಿಡೀ ಮಾತು ಬಿಟ್ಟಿದ್ದರು.

"ಬಂದ್ಯಾ? ಒಂದು ರವಿಕೆನಾದ್ರೂ ಹೊಲ್ಕೊಟ್ಯೇನೇ ಇಷ್ಟು ದಿನಕ್ಕೆ" ಎನ್ನುತ್ತ ದಾಕ್ಷಾಯಣಮ್ಮ ಎರಡು ತಟ್ಟೆಗೆ ಮುದ್ದೆ ಹಾಕಿದರು. "ಏಳು, ಕೈಕಾಲು ತೊಳ್ಕೊಂಡು ಉಣ್ಣು."

"ಹಸಿವಿಲ್ಲ ಅತ್ತೆ."

"ಸರಿ, ನೀರಾದ್ರೂ ಕುಡಿ. ಬಿಸಿಲಲ್ಲಿ ಬಂದಿದೀಯ."

ಚೊಂಬು ಮುಂದೆ ಬಂತು. ಮಲ್ಲಿಕಾಂಬ ಕೈ ಚಾಚಲಿಲ್ಲ. ಮುದುಕಿಯ ಕಣ್ಣು ಚೊಂಬಿನಿಂದ ಸೊಸೆಯ ಮುಖಕ್ಕೆ, ಮುಖದಿಂದ ಕೊರಳಿಗೆ ಹೋಯಿತು. ಅಲ್ಲೇ ನಿಂತಿತು.

"ಎಲ್ಲಿ ಬಿತ್ತು?"

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಮಲ್ಲಿಕಾಂಬ ಗಂಟುಕಟ್ಟಿದ ಸೆರಗನ್ನು ಎದೆಗೆ ಒತ್ತಿಕೊಂಡೇ ಹೇಳಿದಳು. "ಹೊಲಿಗೆ ಕ್ಲಾಸಲ್ಲ ಅತ್ತೆ. ಡ್ಯಾನ್ಸ್ ಕಲೀತಿದ್ದೆ. ಕುಣಿಯೋವಾಗ ಶಿವದಾರ ಕಿತ್ತೋಯ್ತು."

ದಾಕ್ಷಾಯಣಮ್ಮ ಎದ್ದು ಹೋಗಿ ಬೀದಿಬಾಗಿಲ ಅಗುಳಿ ಹಾಕಿದರು. ಈಗ ಹೊಡೆಯುತ್ತಾರೆ ಎಂದು ಮಲ್ಲಿಕಾಂಬ ಕಣ್ಣು ಮುಚ್ಚಿಕೊಂಡಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅತ್ತೆ ಎದುರಿಗೆ ಕೂತು ತಮ್ಮ ಕೊರಳಿನ ಕರಡಿಗೆಯ ಮುಚ್ಚಳ ತೆಗೆಯುತ್ತಿದ್ದರು. ತೆಗೆದು ಅವಳ ಮುಂದೆ ಹಿಡಿದರು.

ಒಳಗೆ ಲಿಂಗವಿರಲಿಲ್ಲ. ವಿಭೂತಿಯ ಒಂದು ಗಟ್ಟಿ ಇತ್ತು, ಅಷ್ಟೇ.

ಮಲ್ಲಿಕಾಂಬ ಬಗ್ಗಿ ಮತ್ತೊಮ್ಮೆ ಅದರೊಳಗೆ ನೋಡಿದಳು. ಬೆಳಿಗ್ಗೆ ನೆಲದ ಮೇಲೆ ತನ್ನದನ್ನು ಕಂಡಾಗಲೂ ಅವಳು ಹೀಗೆ ಬೆಚ್ಚಿರಲಿಲ್ಲ. ದಿನಾ ಮುಂಜಾನೆ ಪತ್ರೆ ಇಟ್ಟು, ಕಣ್ಣಿಗೊತ್ತಿಕೊಳ್ಳುತ್ತಿದ್ದದ್ದು ಇದನ್ನೇ? ಅತ್ತೆಯನ್ನು ನೋಡಿದಳು. ಯಾರೋ ಗುರುತಿಲ್ಲದ ಹೆಂಗಸು ಕೂತಂತಿತ್ತು.

"ಮದುವೆ ಆದ ವರ್ಷ, ನಮ್ಮ ತೌರು ದೇವನೂರಲ್ಲಿ" ಎಂದರು ದಾಕ್ಷಾಯಣಮ್ಮ. "ಗೌರಿ ಬಿಡೋಕೆ ಅಂತ ಕೆರೆಗೆ ಹೋಗಿದ್ವಿ. ಸೋಪಾನದ ಮೇಲೆ ಕೋಲಾಟ ಆಡ್ತಿದ್ವಿ. ನಂಗೆ ಮೈಮೇಲೆ ಜ್ಞಾನ ಇರಲಿಲ್ಲ, ಹಂಗೆ ಕುಣೀತಿದ್ದೆ. ಕರಡಿಗೆ ಬಾಯಿ ಬಿಟ್ಕೊಂಡು ಲಿಂಗ ನೀರಿಗೆ ಬಿತ್ತು. ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ."

"ಗುರುಗಳ ಹತ್ರ ಹೋಗ್ಲಿಲ್ವಾ?"

"ನಮ್ಮವ್ವ ಬಾಯಿ ಮುಚ್ಕೊಂಡಿರು ಅಂದ್ಲು. ಕುಣಿದು ಲಿಂಗ ಕಳ್ಕೊಂಡೋಳು ಅಂತ ಗೊತ್ತಾದ್ರೆ ಗಂಡನ ಮನೇಲಿ ಇಟ್ಕೋತಾರಾ ಅಂತ." ಮುದುಕಿ ಮುಚ್ಚಳ ಹಾಕಿದರು. "ಅವತ್ತು ರಾತ್ರಿ ಉಂಡೆ ಕಣೇ. ಹಸಿವಾಗಿತ್ತು, ಹೊಟ್ಟೆ ತುಂಬ ಉಂಡೆ. ಆಮೇಲೆ ಹೇಳಕ್ಕೆ ಬಾಯೇ ಬರ್ಲಿಲ್ಲ. ನೀನು ಉಣ್ಣಲ್ಲ ಅಂತ ಕೂತ್ಯಲ್ಲ."

ಮಲ್ಲಿಕಾಂಬಳಿಗೆ ಸಿಟ್ಟು ಬಂತು, ಇಷ್ಟು ವರ್ಷ ತನ್ನನ್ನು ಆಡಿಸಿದ್ದಕ್ಕೆ. ಅದರ ಬೆನ್ನಿಗೇ ಅಳುವೂ ಬಂತು. ದಾಕ್ಷಾಯಣಮ್ಮ ಎರಡು ತಟ್ಟೆಗಳ ಮೇಲೂ ಮೊರ ಮುಚ್ಚಿದರು.

"ಏಳು. ತರೀಕೆರೆ ಬಸ್ಸು ಸಿಗುತ್ತೆ ಈಗ, ಮಠಕ್ಕೆ ಹೋಗೋಣ."

ಮಠ ಮುಟ್ಟಿದಾಗ ಸಂಜೆಯಾಗಿತ್ತು. ದಾರಿಯುದ್ದಕ್ಕೂ ಇಬ್ಬರೂ ಹನಿ ನೀರು ಮುಟ್ಟಿರಲಿಲ್ಲ, ನಾಲಿಗೆ ಒಣಗಿತ್ತು. ಸ್ವಾಮಿಗಳು ಸೆರಗಿನ ಗಂಟನ್ನು ನೋಡಿಯೇ ವಿಷಯ ತಿಳಿದುಕೊಂಡರು.

"ಹೆಂಗೆ ಬಿತ್ತಮ್ಮ?"

ಹೇಳಿದರೆ ಕುಣಿಯುವುದು ಬಿಡು ಎಂದಾರು. ಜಾರಿ ಬಿದ್ದೆ ಎನ್ನಲೂಬಹುದಿತ್ತು. ಪಕ್ಕದಲ್ಲಿ ಅತ್ತೆ ಅವಳತ್ತ ತಿರುಗಿದರು.

"ಕುಣಿಯೋವಾಗ ಬುದ್ಧಿ. ಡ್ಯಾನ್ಸ್ ಕಲೀತಿದೀನಿ. ಇನ್ನು ಮುಂದೂ ಕಲೀಬೇಕು ಅಂತಿದೀನಿ."

ಸ್ವಾಮಿಗಳು ಹಿರಿಯಳತ್ತ ತಿರುಗಿದರು, ಸೊಸೆಗೆ ಬುದ್ಧಿ ಹೇಳಲಿ ಎಂಬಂತೆ.

"ನಂದೂ ಹಂಗೇ ಬಿದ್ದಿದ್ದು ಬುದ್ಧಿ" ಎಂದರು ದಾಕ್ಷಾಯಣಮ್ಮ. "ನಲವತ್ತು ವರ್ಷದ ಮೇಲಾಯ್ತು."

ವಿಭೂತಿಗೆ ಚಾಚಿದ್ದ ಸ್ವಾಮಿಗಳ ಕೈ ಅಲ್ಲೇ ನಿಂತಿತು. ಮುದುಕಿಯ ಮುಖವನ್ನು, ಆಕೆ ಬಿಚ್ಚಿ ಹಿಡಿದ ಕರಡಿಗೆಯನ್ನು ಅವರು ಬಹಳ ಹೊತ್ತು ನೋಡಿದರು. ಕೊನೆಗೆ ಒಳಗೆ ತಿರುಗಿ, ಲಿಂಗ ಕಟ್ಟಬೇಕು, ಎರಡು ಮಣೆ ಹಾಕಿ ಎಂದು ಹೇಳಿದರು.

ಮಲ್ಲಿಕಾಂಬ ಕೈ ಕೊಟ್ಟಳು. ದಾಕ್ಷಾಯಣಮ್ಮ ಅದನ್ನು ಹಿಡಿದು ಮೆಲ್ಲಗೆ ಕೂತರು. ಗೋಡೆಯ ಕಡೆಗಲ್ಲ, ಎಲ್ಲರಿಗೂ ಎದುರಾಗಿ, ಬರಿದಾದ ಅಂಗೈಯನ್ನು ಮುಂದೆ ಚಾಚಿಕೊಂಡು.