ಗುಫ್ರಾನ್ ಯಾವ ಶಾಲೆಗೆ ಹೋಗಬೇಕು?

ಸಂಜೆಯಾದರೆ ದೂರದೇಶದ ಕಡಲತೀರದ ಊರು ಮಹ್ದಿಯಾದ ಮೀನುಗಾರರ ಕೇರಿಯಲ್ಲಿ ಮನೆಮನೆಯಲ್ಲೂ ಮಕ್ಕಳು ಓದುವ ಸದ್ದು. ನಜೀಹಾಳ ಮನೆಯಲ್ಲಿ ಓದುವುದು ಮಗಳಲ್ಲ, ಅಮ್ಮ. ಎರಡನೇ ತರಗತಿಯ ಗುಫ್ರಾನ್ ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಕೂರುತ್ತಾಳೆ. ನಜೀಹಾ ಒಂದೊಂದೇ ಸಾಲು ಓದಿ ಹೇಳುತ್ತಾಳೆ, ಮಗಳು ಬಾಯಿಪಾಠ ಮಾಡುತ್ತಾಳೆ. ಮುಗಿಯುವ ಹೊತ್ತಿಗೆ ಇಬ್ಬರಿಗೂ ಊಟ ಬೇಡವಾಗಿರುತ್ತದೆ.

ಆ ದಿನ ನಜೀಹಾಗೆ ಓದಿ ಹೇಳುವ ಶಕ್ತಿಯೂ ಇರಲಿಲ್ಲ. ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಟೀಚರ್ ನಿಲ್ಲಿಸಿ ಹೇಳಿದ್ದರು: "ನೋಡಿ ಅಮ್ಮ, ನಿಮ್ಮ ಮಗಳು ಬೋರ್ಡ್ ಮೇಲಿಂದ ಒಂದಕ್ಷರ ಬರ್ಕೊಳ್ಳಲ್ಲ. ಚುರುಕಾಗಿದಾಳೆ, ಆದ್ರೆ ಸೋಮಾರಿ. ಹೀಗೇ ಆದ್ರೆ ಈ ವರ್ಷ ಇದೇ ತರಗತೀಲಿ ಕೂರ್ಬೇಕಾಗುತ್ತೆ."

ಅತ್ತೆ ಶಾದ್ಲಿಯಾ ಅಂಗಳದಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಬೂತಾಯಿ ಮೀನು ಹಸನು ಮಾಡುತ್ತಿದ್ದಳು. "ಕೂತ್ರೆ ಕೂರ್ಲಿ ಬಿಡು," ಎಂದಳು. "ಎರಡು ಸಲ ಓದಿದ್ರೆ ಗಟ್ಟಿ ಆಗ್ತಾಳೆ."

"ಎರಡು ಸಲ ಓದೋದು ಅವಳಲ್ಲ ಅತ್ತೆ, ನಾನು."

ಅಷ್ಟರಲ್ಲಿ ರಫೀಕಾ ಬಂದಳು. ಅವಳು ನಜೀಹಾಳ ಗಂಡನ ಚಿಕ್ಕಪ್ಪನ ಮಗಳು. ಸೂಸಾ ಪಟ್ಟಣದ ಅಂಧ ಮಕ್ಕಳ ವಸತಿ ಶಾಲೆಯೊಂದರಲ್ಲಿ ಟೀಚರ್. ರಜೆ ಸಿಕ್ಕಿದಾಗಲೆಲ್ಲ ಊರಿಗೆ ಬರುತ್ತಾಳೆ. ಬಂದವಳೇ ತೋಳು ಮಡಿಸಿ ಮೀನಿನ ಬುಟ್ಟಿಗೆ ಕೈ ಹಾಕಿದಳು.

"ಅದೇ ನಿನ್ನ ಶಾಲೆ ವಿಷಯ ಎತ್ತಬೇಡ ಮತ್ತೆ," ಎಂದಳು ಶಾದ್ಲಿಯಾ, ಮೊದಲೇ.

"ಎತ್ತಲ್ಲ ದೊಡ್ಡಮ್ಮ. ಮೀನಿನ ವಿಷಯ ಮಾತಾಡೋಣ."

"ಮೀನಿನ ವಿಷಯದಲ್ಲಿ ನಿಂಗೆ ಏನೂ ಗೊತ್ತಿಲ್ಲ. ತಲೆ ಹಿಡಿಯೋಕೂ ಬರಲ್ಲ."

ನಜೀಹಾ ಗೇಟಿನಲ್ಲಿ ನಡೆದದ್ದನ್ನು ಹೇಳಿದಳು. ರಫೀಕಾಳ ಕೈ ನಿಂತಿತು.

"ಸೋಮಾರಿ ಅಂದ್ರಾ? ಕಣ್ಣಿನ ವಿಷಯ ಅವರಿಗೆ ಗೊತ್ತಿಲ್ವಾ?"

"ಗೊತ್ತಿಲ್ದೇ ಏನು? ಶಾಲೆ ಶುರುವಾದ ದಿನಾನೇ ಹೇಳಿದೀನಿ."

"ಏನಂತ ಹೇಳ್ದೆ? ಅದೇ ಮಾತಲ್ಲಿ ಹೇಳು."

"ಏನಂತ ಹೇಳ್ತಾರೆ? 'ನಮ್ಮ ಹುಡುಗಿ ಬಸೀರಾ, ಸ್ವಲ್ಪ ಗಮನ ಇಡಿ' ಅಂದೆ."

ಆ ಕಡೆ ಕಣ್ಣು ಕಾಣದವರನ್ನು ಯಾರೂ ಕುರುಡರು ಎನ್ನುವುದಿಲ್ಲ. ಗಂಡಾದರೆ ಬಸೀರ್, ಹೆಣ್ಣಾದರೆ ಬಸೀರಾ ಎನ್ನುತ್ತಾರೆ. ಮಾತಿನ ಅರ್ಥ ನೋಡಿದರೆ, ಕಣ್ಣು ಚೆನ್ನಾಗಿ ಕಾಣುವವಳು, ಸೂಕ್ಷ್ಮ ಗ್ರಹಿಸುವವಳು. ಮನೆಯಿಂದ ಹೊರಡುವಾಗ ನಾವು 'ಬರ್ತೀನಿ' ಎಂದಂತೆ ಅದು. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು ಎಂದು ಹಿರಿಯರು ಮಾಡಿದ ರೂಢಿ.

"ಆ ಟೀಚರ್ ಎಲ್ಲಿಯವರು?" ಎಂದಳು ರಫೀಕಾ.

"ರಾಜಧಾನಿ ಕಡೆಯವರು. ಚಿಕ್ಕ ವಯಸ್ಸು."

"ಅಲ್ಲಿ ಚಿಕ್ಕವರಿಗೆ ಈ ರೂಢಿ ಗೊತ್ತಿರಲ್ಲ. ಹಾಗಾದ್ರೆ ಅವರು ಏನು ಅರ್ಥ ಮಾಡ್ಕೊಂಡಿರ್ಬೇಕು?"

"ನಾಳೆ ನನ್ನ ಜೊತೆ ಶಾಲೆಗೆ ಬಾ," ಎಂದಳು ನಜೀಹಾ.

ಮರುದಿನ ಇಬ್ಬರೂ ಶಾಲೆಗೆ ಹೋದರು. ತರಗತಿಯಲ್ಲಿ ಟೀಚರ್ ಒಬ್ಬರೇ ಇದ್ದರು. ನಜೀಹಾ ಈ ಸಲ ಬಿಡಿಸಿ ಹೇಳಿದಳು: "ಟೀಚರ್, ನನ್ನ ಮಗಳಿಗೆ ಕಣ್ಣು ಸರಿಯಾಗಿ ಕಾಣಲ್ಲ. ಇನ್ನೂ ಕಡಿಮೆ ಆಗುತ್ತೆ ಅಂತ ಡಾಕ್ಟರ್ ಹೇಳಿದಾರೆ."

ಟೀಚರ್ ಇಬ್ಬರಿಗೂ ಕುರ್ಚಿ ಎಳೆದರು. "ನೀವು ಬಸೀರಾ ಅಂದ್ರಿ. ಮಗಳು ತುಂಬ ಸೂಕ್ಷ್ಮ, ಬುದ್ಧಿವಂತೆ ಅಂತ ಹೇಳ್ತಿದೀರಿ ಅಂದ್ಕೊಂಡೆ ಅಮ್ಮ. ಬುದ್ಧಿವಂತೆ ಅಂತಾನೇ ಅವಳನ್ನ ಹಿಂದಿನ ಬೆಂಚಲ್ಲಿ ಕೂರಿಸಿದ್ದು. ಮುಂದೆ ಕೂರಿಸ್ಬೇಕಾದ ಮಕ್ಕಳು ಬೇರೆ ಇದ್ರು."

ಅವತ್ತೇ ಗುಫ್ರಾನ್ ಮುಂದಿನ ಬೆಂಚಿಗೆ ಬಂದಳು. ಟೀಚರ್ ಅವಳಿಗೆಂದು ದಪ್ಪ ಪೆನ್ನಿನಲ್ಲಿ ದೊಡ್ಡ ಅಕ್ಷರ ಬರೆದುಕೊಟ್ಟರು. ಒಳ್ಳೆಯವರು, ತಮ್ಮ ಕೈಲಾದದ್ದೆಲ್ಲ ಮಾಡಿದರು. ಆದರೆ ಒಂದು ತಿಂಗಳು ಕಳೆಯುವ ಮುಂಚೆಯೇ ಅವರೇ ಕರೆದು ಹೇಳಿದರು: "ಇನ್ನೂ ದೊಡ್ಡದಾಗಿ ಬರೆದ್ರೆ ಹಾಳೆ ತುಂಬ ಒಂದೇ ಪದ ಹಿಡಿಯುತ್ತೆ. ಬೆರಳಲ್ಲಿ ಮುಟ್ಟಿ ಓದೋ ಚುಕ್ಕಿ ಲಿಪಿ ಅವಳು ಕಲೀಬೇಕು. ಅದು ನಂಗೆ ಬರಲ್ಲ. ಈ ಊರಲ್ಲಿ ಯಾರಿಗೂ ಬರಲ್ಲ."

ರಫೀಕಾ ಮುಂದಿನ ಸಲ ಊರಿಗೆ ಬಂದಾಗ ನಜೀಹಾ ತಾನೇ ಅವಳ ಶಾಲೆಯ ಮಾತೆತ್ತಿದಳು. ಶಾದ್ಲಿಯಾ ಕೆಂಡವಾದಳು. "ಕೇರಿ ಮಕ್ಕಳ ಜೊತೆ ಆಡ್ಕೊಂಡು ಇರೋ ಮಗೂನ ದೂರ ತಳ್ಳಬೇಕಾ? ಸಾಕೋಕಾಗ್ದೆ ಬಿಟ್ಟು ಬಂದ್ರು ಅಂತಾರೆ ಜನ. ಅಲ್ಲಿರೋ ಮಕ್ಕಳೆಲ್ಲ ಕತ್ತಲೇಲಿ ಗೋಡೆ ಸವರ್ಕೊಂಡು ಕೂತಿರ್ತಾವೆ. ಅವನ್ನ ನೋಡಿ ಇದೂ ಹಾಗೇ ಆಗುತ್ತೆ."

"ದೊಡ್ಡಮ್ಮ, ಎಲ್ಲ ಮಕ್ಕಳಿಗೂ ನಮ್ಮ ಶಾಲೆ ಬೇಕಾಗಲ್ಲ," ಎಂದಳು ರಫೀಕಾ. "ಕೆಲವರಿಗೆ ಮುಂದಿನ ಬೆಂಚು, ದೊಡ್ಡಕ್ಷರದ ಪುಸ್ತಕ, ಒಂದು ಕನ್ನಡಕ ಸಾಕು. ಅಂಥವರನ್ನ ನಾವೇ ಊರಿನ ಶಾಲೆಗೆ ವಾಪಸ್ ಕಳಿಸ್ತೀವಿ. ಇವಳಿಗೆ ಯಾವುದು ಬೇಕು ಅಂತ ನಾನೂ ಇಲ್ಲಿ ಕೂತು ಹೇಳಲ್ಲ. ಬಂದು ನೋಡಿ. ಬೇಡ ಅನ್ಸಿದ್ರೆ ಬೇಡ."

"ಬೇಡ ಅನ್ನೋಕೆ ಅಷ್ಟು ದೂರ ಬರ್ಬೇಕಾ?"

"ಅಲ್ಲೇ ನಿಂತು ಅಂದ್ರೆ ಗಟ್ಟಿಯಾಗಿರುತ್ತೆ."

ಶಾದ್ಲಿಯಾಗೆ ಈ ಮಾತು ಹಿಡಿಸಿತು. ಬೇಡ ಎನ್ನುವುದಕ್ಕೆಂದೇ ಸೀರೆಯಂಥ ಒಳ್ಳೆಯ ಬಿಳಿ ಹೊದಿಕೆ ಸುತ್ತಿಕೊಂಡು ಹೊರಟಳು.

ವಸತಿ ಶಾಲೆಯ ಅಂಗಳದಲ್ಲಿ ಮಕ್ಕಳು ಗೆಜ್ಜೆ ಕಟ್ಟಿದ ಚೆಂಡನ್ನು ಒದ್ದು ಆಡುತ್ತಿದ್ದರು. ಒಬ್ಬರಿಗೊಬ್ಬರು ಬೈಯುತ್ತಲೂ ಇದ್ದರು. "ಬಾಯಿ ಏನೂ ಕಮ್ಮಿ ಇಲ್ಲ ಇವಕ್ಕೆ," ಎಂದಳು ಶಾದ್ಲಿಯಾ. ನಜೀಹಾ ಎಲ್ಲವನ್ನೂ ನೋಡುತ್ತಿದ್ದಳು: ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇದೆಯೇ, ಕಕ್ಕಸು ಶುಭ್ರವಾಗಿದೆಯೇ, ಚಿಕ್ಕವರನ್ನು ದೊಡ್ಡವರು ದಬಾಯಿಸುತ್ತಾರೆಯೇ. ಹಾಸಿಗೆಯ ಚಾದರ ಮೂಸಿ ನೋಡಿದಳು. ರಾತ್ರಿ ಯಾರಿರುತ್ತಾರೆ ಎಂದು ಕೇಳಿದಳು, ಅದನ್ನೇ ಇನ್ನೊಬ್ಬರ ಹತ್ತಿರವೂ ಕೇಳಿದಳು.

ಅಷ್ಟರಲ್ಲಿ ಜಡೆ ಹಾಕಿದ ಹುಡುಗಿಯೊಬ್ಬಳು ಗುಫ್ರಾನಳ ತೋಳು ಮುಟ್ಟಿದಳು.

"ಹೊಸಬಳಾ? ನಿಂಗೆ ಎಷ್ಟು ಕಾಣುತ್ತೆ?"

ಇಷ್ಟು ವರ್ಷ ಆ ಮಗುವಿನ ಎದುರು ಯಾರೂ ಕೇಳದ ಪ್ರಶ್ನೆ. ಗುಫ್ರಾನ್ ಮಾತ್ರ ಹೆಸರು ಕೇಳಿದಷ್ಟೇ ಸಲೀಸಾಗಿ ಹೇಳಿದಳು:

"ಮಧ್ಯದಲ್ಲಿ ಮಾತ್ರ. ಮೆಕರೋನಿ ಕೊಳವೆಯ ತೂತಲ್ಲಿ ನೋಡ್ತಾರಲ್ಲ, ಹಾಗೆ. ಮುಂಚೆ ದಪ್ಪ ಮೆಕರೋನಿ, ಈಗ ಸಣ್ಣದು."

"ನಂಗೆ ಅದೂ ಇಲ್ಲ. ಬಾ, ನನ್ನ ಹೆಸರು ಹೇಗೆ ಬರೆಯೋದು ತೋರಿಸ್ತೀನಿ."

ಇಬ್ಬರೂ ಹೋದರು. ನಜೀಹಾ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಳು. ಅಳು ಬರಲಿಲ್ಲ, ಅದಕ್ಕೂ ದಣಿವಾಗಿತ್ತು. "ಮಗೂಗೆ ಎಲ್ಲ ಗೊತ್ತಿತ್ತು ಅತ್ತೆ," ಎಂದಳು. "ಕಿರಿದಾಗ್ತಿದೆ ಅಂತಾನೂ ಗೊತ್ತಿತ್ತು. ನಮ್ಮ ಹತ್ರ ಹೇಳೋಕೆ ಅವಳಿಗೆ ಒಂದು ಪದಾನೇ ನಾವು ಕೊಟ್ಟಿಲ್ಲ."

ಮರಳುವ ವ್ಯಾನಿನಲ್ಲಿ, ತಾಯಿ ಮಗಳು ನಿದ್ದೆಹೋದರು ಎಂದುಕೊಂಡು, ಶಾದ್ಲಿಯಾ ಅವರನ್ನು ಬಿಡಲು ಜೊತೆಗೆ ಬಂದಿದ್ದ ರಫೀಕಾಳನ್ನು ಮೊಣಕೈಯಿಂದ ತಿವಿದಳು.

"ಮಲಗೋವಾಗ ಅವಳ ತಲೆಗೆ ಎಣ್ಣೆ ಯಾರು ಹಚ್ತಾರೆ?"

"ನಾನೇ ಹಚ್ತೀನಿ ದೊಡ್ಡಮ್ಮ."

"ಮೀನು ಹಿಡಿದ ಹಾಗೆ ಹಿಡೀಬೇಡ ತಲೇನ." ಮತ್ತೆ ಕೇಳಿದಳು: "ಅಲ್ಲೇ ಇರ್ಬೇಕಾ, ಯಾವಾಗ್ಲೂ?"

"ಇಲ್ಲ. ಪ್ರತಿ ವಾರ ಮನೆಗೆ ಬರ್ತಾಳೆ. ಚುಕ್ಕಿ ಲಿಪಿ ಕೈಗೆ ಹತ್ತಲಿ, ಕೋಲು ಹಿಡಿದು ಒಬ್ಬಳೇ ನಡೆಯೋದು ಬರಲಿ. ಆಮೇಲೆ ಊರಿನ ಶಾಲೆಗೇ ಬರ್ಬಹುದು. ವರ್ಷಕ್ಕೊಮ್ಮೆ ಕೂತು ನೋಡೋಣ, ಅವಳನ್ನೂ ಕೇಳೋಣ."

ಆಗ ಕತ್ತಲಲ್ಲಿ ಗುಫ್ರಾನಳ ದನಿ ಬಂತು: "ಈಗ್ಲೇ ಕೇಳಿ. ನಂಗೆ ಹೋಗ್ಬೇಕು. ಆದ್ರೆ ಮೊದಲನೇ ದಿನ ಅಮ್ಮ ಗೇಟ್ ಹತ್ರ ಜಾಸ್ತಿ ಹೊತ್ತು ನಿಂತಿರ್ಬೇಕು."

ಆ ಮೊದಲನೇ ದಿನ ನಜೀಹಾ ಗೇಟಿನ ಹತ್ತಿರ ನಿಂತಿದ್ದಳು. ಒಳಗಿನ ಸದ್ದು ಕೇಳಿಸದಾದ ಮೇಲೂ ನಿಂತಿದ್ದಳು. ಮೊದಲ ವಾರ ಮನೆಯ ಸಂಜೆಗಳು ಅವಳಿಗೆ ಸೇರಲಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ದಿನವೂ ಹೆದರಿದಳು. ಕೆಲವು ತಿಂಗಳ ಮೇಲೆ ಒಂದು ವಾರದ ಕೊನೆಗೆ ಗುಫ್ರಾನ್ ಬಂದು, ಉಬ್ಬು ಚುಕ್ಕಿಗಳ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು, ಅಮ್ಮನ ಮುಖದ ಕಡೆಗೇ ತಿರುಗಿ ಬೆರಳಾಡಿಸುತ್ತ ಒಂದು ಸಾಲು ಓದಿದಳು. ತಡವರಿಸಿದಳು, ಹಿಂದಕ್ಕೆ ಹೋದಳು, ಮತ್ತೆ ಓದಿದಳು. ನಜೀಹಾ ಬಾಯಿ ಮುಚ್ಚಿಕೊಂಡು ಕೇಳಿದಳು. ಮಗಳಿಗೆ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿಯರೇ, ನಿಮ್ಮ ಮನೆಯಲ್ಲೂ ಇಂಥ ಮಗು ಇರಬಹುದು. ಕಣ್ಣಿನದೋ, ಕಿವಿಯದೋ, ನಿಧಾನವಾಗಿ ಕಲಿಯುವುದೋ, ಏನಿದ್ದರೂ ಟೀಚರ್‌ಗೆ ಬಿಡಿಸಿ ಹೇಳಿ. ಅಲಂಕಾರದ ಮಾತು ಬೇಡ. ಊರಿನ ಶಾಲೆಯಲ್ಲಿ ಮಗುವಿಗೆ ಬೇಕಾದ ನೆರವು ಸಿಗುತ್ತದೆಯೇ ಎಂದು ಮೊದಲು ಕೇಳಿ. ಸಿಕ್ಕರೆ ಅಲ್ಲೇ ಓದಲಿ, ಅದು ಮಗುವಿನ ಹಕ್ಕು. ಸಿಗದಿದ್ದರೆ ವಿಶೇಷ ಶಾಲೆಗೆ ನೀವೇ ಹೋಗಿ, ಕಣ್ಣಾರೆ ನೋಡಿ, ಹಾಸಿಗೆ ಚಾದರದವರೆಗೂ ನೋಡಿ. ಒಮ್ಮೆ ಆರಿಸಿದ್ದು ಕಡೆತನಕ ಇರಬೇಕಾಗಿಲ್ಲ, ಬದಲಾಯಿಸಬಹುದು. ನಿಮಗೆ ಸುಸ್ತಾಗಿದೆ ಎಂದು ಗೊತ್ತು. ಆದರೂ ಇವತ್ತು ಮಗುವಿನ ಪಕ್ಕ ಕೂತು, ನಿಂಗೆ ಹೇಗನ್ನಿಸುತ್ತೆ ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ಕಾಯಿರಿ.